ಉಡಿಯಿಂದ ಮರಳಿದ ಖಣ

ಏಳು ಸಮುದ್ರಗಳಾಚೆಯ ಒಂದು ನಾಡು. ಆ ನಾಡಿನಲ್ಲೊಂದು ಮನೆ. ಆ ಮನೆಗೊಂದು ಬಾಗಿಲು. ಬಾಗಿಲಿಗೆ ಅಗುಳಿಯೇ ಇಲ್ಲ... ಬಂದವರೆಲ್ಲ ಉಂಡರಂತೆ, ಮಿಂದರಂತೆ, ಮಲಗಿ ಎದ್ದರಂತೆ. ಮನೆಯೊಡತಿಗೆ ಮಾತ್ರ ಕಾಲು ಮಡಚಿ ಕೂರಲು ಒಂದು ಮೂಲೆಯೂ ಉಳಿಯಲಿಲ್ಲವಂತೆ! ಗುಳೇದಗುಡ್ಡದ ಶಾರದವ್ವ ಹೀಗೆ ಕಥೆ ತೆಗೆದರೆ, ತೊಡೆಯ ಮೇಲೆ ಮಲಗಿದ್ದ ಮೊಮ್ಮಗಳು ಸೌಜನ್ಯಾ ಕಣ್ಣರಳಿಸಿ ಕೇಳುತ್ತಿದ್ದಳು: "ಆಮ್ಯಾಲ ಆಕಿ ಎಲ್ಲಿ ಕುಂತ್ಲು ಅಜ್ಜಿ?"

"ನನಗೇನು ಗೊತ್ತು? ಆಕಿನ್ನ ಕೇಳು. ಮಲ್ಕೊ ಈಗ."

ಸಹೃದಯರೇ, ಆ ಮನೆ ಲಾಸ್ ಏಂಜಲಿಸ್ ಪಕ್ಕದ ಸೆರಿಟೋಸಿನಲ್ಲಿತ್ತು!

ಜೂನ್ ತಿಂಗಳಿನ ಬೆಳಗುಗಳಲ್ಲಿ ಶಾಂತಸಾಗರದ ಮೇಲಿಂದ ಎದ್ದ ಮಂಜು, ಹಡಗುಗಳ ಕೂಗನ್ನೂ ಕಡಲ ಉಪ್ಪನ್ನೂ ಸೆರಗಿನಲ್ಲಿ ಕಟ್ಟಿಕೊಂಡು, ಫ್ರೀವೇಗಳ ಗುಂಟ ತೆವಳುತ್ತ ಬಂದು ಆ ಬೀದಿಯನ್ನು ಆವರಿಸುತ್ತಿತ್ತು. ಸೂರ್ಯ ಇದ್ದಾನೋ ಇಲ್ಲವೋ ಎಂಬ ಸಂದೇಹದಲ್ಲಿಯೇ ಅರ್ಧ ದಿನ ಕಳೆಯುತ್ತಿತ್ತು. ಬೀದಿಯ ಎರಡೂ ಬದಿಗೆ ಜಕರಾಂಡಾ ಮರಗಳು ನೀಲಲೋಹಿತ ಪುಷ್ಪವೃಷ್ಟಿಯನ್ನೇ ಸುರಿಸುತ್ತಿದ್ದವು. ದೂರದಿಂದ ನೋಡಿದವರಿಗೆ ಅದು ಗಂಧರ್ವರ ಉಪವನ. ಮುಂಜಾನೆ ಎದ್ದು ಕಾರಿನ ಗಾಜು ಒರೆಸುವವರಿಗೆ ಮಾತ್ರ ಗೊತ್ತು, ಬಿದ್ದ ಮರುಗಳಿಗೆಯೇ ಆ ಹೂವು ಕೊಳೆತು ಬೆಲ್ಲದ ಪಾಕದಂತೆ ಅಂಟುತ್ತದೆ, ಉಗುರಿನಿಂದ ಕೆರೆದರೂ ಬಿಡುವುದಿಲ್ಲ! ಆ ಅಂಟನ್ನು ನೋಡುವಾಗಲೆಲ್ಲ ಸೌಜನ್ಯಾಳಿಗೆ ತನ್ನ ಮನೆಯ ಅತಿಥಿಗಳ ನೆನಪಾಗುತ್ತಿತ್ತು.

ಮೊದಲೇ ಹಾಗಿರಲಿಲ್ಲ... ಎರಡು ಸಾವಿರದ ಇಪ್ಪತ್ತೊಂದನೆಯ ಇಸವಿಯ ಆರಂಭದಲ್ಲಿ, ಜಗತ್ತೆಲ್ಲ ಮುಖ ಮುಚ್ಚಿಕೊಂಡಿದ್ದ ಆ ದಿನಗಳಲ್ಲಿ, ಅವಳು ಪ್ರವೀಣನ ಕೈಹಿಡಿದು ಇಲ್ಲಿಗೆ ಬಂದಾಗ ಯಾರೂ ಬರುವ ಹಾಗಿರಲಿಲ್ಲ, ಯಾರೂ ಕರೆಯುವ ಹಾಗಿರಲಿಲ್ಲ. ಅವನು ಸ್ಯಾನ್ ಪೀಡ್ರೊ ಬಂದರಿನ ಕಚೇರಿಯಿಂದ ಬಂದು ಬಾಗಿಲಲ್ಲಿ ಬೂಟು ಬಿಚ್ಚುವ ಸದ್ದಿಗೆ ಅವಳ ಎದೆಯೊಳಗೆ ತಂಬೂರಿಯ ತಂತಿ ಮಿಡಿದಂತಾಗುತ್ತಿತ್ತು. ಒಂದೇ ತಟ್ಟೆಯಲ್ಲಿ ಉಂಡ ಇರುಳುಗಳು, ಖಾಲಿ ಬೀದಿಯ ಬೆಳದಿಂಗಳು, ಹೊದ್ದ ಒಂದೇ ಶಾಲು... ಲೋಕದ ದುಃಖದ ನಡುವೆ ತಾವಿಬ್ಬರು ಇಷ್ಟು ಸುಖವಾಗಿರುವುದು ಪಾಪವೇನೋ ಎಂದು ಅವಳು ಒಮ್ಮೊಮ್ಮೆ ಅಂಜುತ್ತಿದ್ದಳು.

ಹೊರಡುವ ಮುಂಜಾನೆ ಶಾರದವ್ವ ಅವಳ ಉಡಿಯಲ್ಲಿ ಕುಬಸ ಹೊಲಿಯುವ ಒಂದು ಖಣ ಇಟ್ಟಿದ್ದಳು. ಗಿಳಿಹಸಿರಿನ ಒಡಲು, ದಾಳಿಂಬೆಗೆಂಪಿನ ಅಂಚು, ಮೈತುಂಬ ಅಕ್ಕಿಕಾಳಿನಷ್ಟು ಹೂವು. ತಾತ ಬದುಕಿದ್ದಾಗ ಮಗ್ಗದಿಂದ ಇಳಿಸಿದ ಕೊನೆಯ ಖಣವದು. "ಬ್ಯಾರೇದವರ ಕಡೆ ಹೊಲಸಬ್ಯಾಡ. ನಿನ್ನ ಕೈಲೆ ಹೊಲಿ, ತೊಟ್ಕೊ, ಸಮುದ್ರದ ದಂಡಿಗೆ ನಿಂತು ನನಗ ತೋರಿಸು. ನಾ ಸಮುದ್ರ ಕಂಡಾಕಿ ಅಲ್ಲ," ಎಂದಿದ್ದಳು. ಮೊಮ್ಮಗಳು ಅವಳ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದಳು. ಖಣ ಬಿಳಿಯ ಬಟ್ಟೆಯಲ್ಲಿ ಸುತ್ತಿಕೊಂಡು ಕಪಾಟಿನ ಒಳಗಿನ ಮೂಲೆ ಸೇರಿತು. ಹೊಲಿಗೆಯ ಮಷೀನು ಎರಡನೆಯ ಮಲಗುವ ಕೋಣೆಯ ಕಿಟಕಿಯ ಕೆಳಗೆ ಕುಳಿತಿತು.

ಅಷ್ಟರಲ್ಲಿ ನಿರ್ಬಂಧಗಳು ತೆರವಾಗಿ ವಿಮಾನಗಳು ಮೊದಲಿನಂತೆ ತುಂಬಿ ಹಾರತೊಡಗಿದವು!

ಆ ಎರಡನೆಯ ಕೋಣೆ ಅಂದಿನಿಂದ ಖಾಲಿಯಾದದ್ದೇ ಇಲ್ಲ. ಪ್ರವೀಣನ ಜೊತೆ ಓದಿದ ಗೆಳೆಯರು, ಗೆಳೆಯರ ಅತ್ತೆಮಾವಂದಿರು, ಸೌಜನ್ಯಾಳ ಚಿಕ್ಕಮ್ಮನ ನೆರೆಯವರು... "ಬರ್ರಿ, ಬರ್ರಿ, ಮನಿ ನಿಮ್ದ ಐತಿ!" ಎನ್ನುವಾಗ ಪ್ರವೀಣನ ಮುಖ ಪೂರ್ಣಚಂದ್ರನಂತೆ ಅರಳುತ್ತಿತ್ತು. ಅವನ ಬಾಯಲ್ಲಿ 'ಬೇಡ' ಎಂಬ ಶಬ್ದವನ್ನು ಬ್ರಹ್ಮ ಬರೆದೇ ಇರಲಿಲ್ಲ. ಶನಿವಾರವೆಂದರೆ ಸಿನಿಮಾ ನಗರಿಯ ಅದೇ ಬೆಟ್ಟದ ಮೇಲಿನ ಅದೇ ಬಿಳಿ ಅಕ್ಷರಗಳು, ಪಾದಚಾರಿ ಹಾದಿಯಲ್ಲಿ ತುಳಿಸಿಕೊಳ್ಳುವ, ನಟನಟಿಯರ ಹೆಸರು ಕೆತ್ತಿದ ಅದೇ ನಕ್ಷತ್ರಗಳು, "ಇಷ್ಟ ಏನು?" ಎಂಬ ಅದೇ ಉದ್ಗಾರ. ಮರಳಿ ಬಂದರೆ ಅಡುಗೆಮನೆಯಲ್ಲಿ ಕರಿದೆಣ್ಣೆಯ ಜಿಡ್ಡು, ಸ್ನಾನದ ಮನೆಯ ಜಾಲರಿಯಲ್ಲಿ ಮೆಹಂದಿ ಬಣ್ಣದ ಕೂದಲಿನ ಉಂಡೆ! ಯಾರದ್ದೋ ಒದ್ದೆ ಟವೆಲ್ಲು ತನ್ನ ಟವೆಲ್ಲಿನ ಮೇಲೆ ಅಪ್ಪಿಕೊಂಡಿರುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಎತ್ತುವಾಗ ಅವಳ ಗಂಟಲಿನವರೆಗೂ ಹುಳಿನೀರು ಬರುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಹೇಸುತ್ತಿರುವ ತನ್ನನ್ನು ಕಂಡೇ ಅವಳಿಗೆ ಹೇಸಿಗೆಯಾಗುತ್ತಿತ್ತು... ಮನೆಗೆ ಬಂದವರನ್ನು ದೇವರೆಂದು ಕಲಿಸಿದ ಮನೆಯ ಹುಡುಗಿ!

ಇತ್ತ ಶಾರದವ್ವನ ಕಣ್ಣು ದಿನದಿನಕ್ಕೆ ಮಸುಕಾಗುತ್ತಿತ್ತು. ಔಷಧಕ್ಕೆ ಬಗ್ಗುವ ಕತ್ತಲಲ್ಲ ಅದು ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ಫೋನಿನಲ್ಲಿ ಮುಖವನ್ನು ಪರದೆಗೆ ಅಂಟಿಸಿ ಮುದುಕಿ ಕೇಳುತ್ತಿದ್ದಳು: "ಹೊಲದೇನವಾ? ಈಗ ನೀ ಬಣ್ಣ ಬಣ್ಣ ಕಾಣ್ತೀ, ಮಾರಿ ಕಾಣೂದಿಲ್ಲ. ಬಣ್ಣ ಇದ್ದಾಗನ ತೋರಿಸಿಬಿಡು."

"ಈ ವಾರ, ಅಜ್ಜಿ. ಮಂದಿ ಬಂದಾರ, ಅವ್ರು ಹೋಗ್ಲಿ," ಎನ್ನುತ್ತಿದ್ದಳು ಮೊಮ್ಮಗಳು.

ಬಂದವರು ಪ್ರವೀಣನ ದೊಡ್ಡಪ್ಪ ಕರಿಬಸಪ್ಪ, ದೊಡ್ಡವ್ವ ಪ್ರೇಮವ್ವ. ಅವರ ಮಗಳು ವೈಶಾಲಿ ಸ್ಯಾನ್ ಡಿಯಾಗೋದಲ್ಲಿದ್ದಳು. ಟೊರ್ರಿ ಪೈನ್ಸ್ ಗುಡ್ಡದ ಸಂಶೋಧನಾಲಯವೊಂದರಲ್ಲಿ ಕೆಲಸ. "ಲಾಸ್ ಏಂಜಲಿಸ್ ತೋರ್ಸು ತಮ್ಮ," ಎಂದು ತಂದೆತಾಯಿಯನ್ನು ಬಿಟ್ಟುಹೋದ ಅವಳು ತಿಂಗಳು ಕಳೆದ ಮೇಲೆ ಕರೆದೊಯ್ಯಲು ಬಂದಳು. ಆ ತಿಂಗಳಿಡೀ ಕರಿಬಸಪ್ಪನವರು ಮುಂಜಾನೆ ಅಡುಗೆಮನೆಯ ಸಿಂಕಿನಲ್ಲಿಯೇ ಕ್ಯಾಕರಿಸಿ ಉಗಿದರು, ಕಾರ್ಪೆಟ್ಟಿನ ಮೇಲೆ ಕಾಲುಗುರು ಕತ್ತರಿಸಿದರು. ಪ್ರೇಮವ್ವ ಸೋಫಾದ ತಲೆಗೆ ಎಣ್ಣೆಯ ವರ್ತುಲವೊಂದನ್ನು ಬಿಡಿಸಿ, "ಇಷ್ಟು ದೊಡ್ಡ ಮನಿ! ಆ ಕೋಣಿಗೆ ತೊಟ್ಟಿಲ ಬರೂತನಕ ನಾವ ಇರತೀವಿ ಬಿಡು," ಎಂದು ಮಮತೆಯಿಂದಲೋ ಚುಚ್ಚುತ್ತಲೋ ನಕ್ಕಳು.

ಹೊರಡುವ ದಿನ ಬಂದಿತು. ಮನೆಯಿಂದ ಹೊರಡುವ ಮುತ್ತೈದೆಗೆ ಉಡಿ ತುಂಬದೆ ಕಳಿಸುವುದುಂಟೆ? ಪಕ್ಕದ ಊರಾದ ಆರ್ಟೀಸಿಯಾದ ಭಾರತೀಯ ಅಂಗಡಿಯಿಂದ ತಂದ ತೆಂಗಿನಕಾಯಿ, ಅಕ್ಕಿ, ಅರಿಸಿಣ ಕೊಂಬು, ಉತ್ತತ್ತಿ, ಮೇಲೊಂದು ಕುಬಸದ ಬಟ್ಟೆ... ಪ್ರೇಮವ್ವನ ಉಡಿ ತುಂಬಿಯಾಯಿತು. ಕೈ ತೊಳೆಯಲು ತಿರುಗಿದ ಸೌಜನ್ಯಾಳಿಗೆ ಕೇಳಿಸಿತು:

"ನನ್ನ ಮಗಳಿಗೂ ತುಂಬವಾ. ಆಕೀನೂ ಈ ಮನಿ ಹೆಣ್ಣುಮಗಳ ಅಲ್ಲೇನು?"

ಎರಡನೆಯ ಬಟ್ಟೆ ತೆಗೆದಿಟ್ಟಿರಲಿಲ್ಲ. "ನಾ ತರ್ತೀನಿ ತಡಿ," ಎಂದು ಪ್ರವೀಣ ಒಳಗೆ ಓಡಿದ. ತಟ್ಟೆಯಲ್ಲಿ ಅಕ್ಕಿಯ ಮೇಲೆ ಬಟ್ಟೆಯಿಟ್ಟು ತಂದ. ವೈಶಾಲಿ ಜೀನ್ಸಿನ ಮೇಲಿನ ಅಂಗಿಯ ಅಂಚನ್ನೇ ಹಿಡಿದು ನಗುತ್ತ ನಿಂತಳು. ಅದೇ ಗಳಿಗೆಗೆ ಒಳಗಿನ ಸಿಂಕಿನಿಂದ ಕರಿಬಸಪ್ಪನವರ ಕ್ಯಾಕರಿಕೆ ಕೇಳಿಬಂತು!  ಸೌಜನ್ಯಾ ಮುಖ ತಿರುಗಿಸಿ, ಕಣ್ಣು ಮುಚ್ಚಿ, ತಟ್ಟೆಯಲ್ಲಿದ್ದುದನ್ನೆಲ್ಲ ವೈಶಾಲಿಯ ಉಡಿಗೆ ಸುರಿದುಬಿಟ್ಟಳು. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಕೈಬೀಸಿದಳು; ಕೈಬೀಸುವಾಗಲೂ ಮನಸ್ಸು ಸಿಂಕು ತೊಳೆಯುತ್ತಿತ್ತು.

ಆ ಮಧ್ಯಾಹ್ನ ಅವಳು ಎರಡನೆಯ ಕೋಣೆಯ ಕಿಟಕಿ ತೆರೆದಳು. ಹಾಸಿಗೆ ಕೊಡವಿದಳು, ನೆಲ ಒರೆಸಿದಳು, ಮಷೀನಿಗೆ ಎಣ್ಣೆ ಬಿಟ್ಟಳು. ಮಂಜು ಕರಗಿ, ಮಾಗಿದ ನಿಂಬೆಯ ಬಣ್ಣದ ಬಿಸಿಲು ಕೋಣೆಯೊಳಗೆ ಹೆಜ್ಜೆಯಿಟ್ಟಿತು. ಎಷ್ಟು ದಿನಗಳ ಮೇಲೆ ಹೀಗೆ! ಕತ್ತರಿ ಹಿಡಿದು, ಗುನುಗುತ್ತ, ಕಪಾಟು ತೆರೆದಳು...

ಬಿಳಿಯ ಬಟ್ಟೆ ಬಿಚ್ಚಿಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

"ಅಕ್ಕಗ ಏನು ಕೊಟ್ರಿ ನೀವು?" ಅವಳ ದನಿ ತನ್ನದೇ ಎಂದು ಅವಳಿಗೇ ಅನ್ನಿಸಲಿಲ್ಲ.

"ಕುಬಸದ ಬಟ್ಟಿ. ಒಳಗೊಂದು ಚೆಂದಂದು ಇತ್ತಲ್ಲ, ಹಸಿರು..." ಪ್ರವೀಣನ ಮಾತು ಅಲ್ಲಿಯೇ ಒಣಗಿತು. "ಅಜ್ಜೀದೇನು ಅದು? ಸೌಜೂ... ನೀನ ಹಾಕಿದೆಲ್ಲ ಉಡ್ಯಾಗ!"

"ಹೂಂ, ನಾನ ಹಾಕಿದೆ. ನಿಮ್ಮ ಮಂದೀನ್ನ ನೋಡಬಾರ್ದು ಅಂತ ಕಣ್ಣ ಮುಚ್ಕೊಂಡು ಹಾಕಿದೆ! ತಿರುಗಿ ಇಸ್ಕೊಂಡು ಬರ್ರಿ."

"ಉಡ್ಯಾಗ ಹಾಕಿದ್ದನ್ನ ತಿರುಗಿ ಕೇಳೂದು ಹೆಂಗ? ದೊಡ್ಡವ್ವ ಊರ ತುಂಬ ಹೇಳ್ತಾಳ."

ಅವಳು ಅಳಲಿಲ್ಲ. ಅವನನ್ನು ನೋಡಿದಳು... ಯಾರಿಗೂ ಬೇಡವೆನ್ನದ ಆ ಸುಂದರ ಬಾಯನ್ನು ನೋಡಿದಳು. ಜಾಲರಿಯ ಕೂದಲನ್ನು ನೋಡುವಾಗಿನ ನೋಟವದು. ಪ್ರವೀಣ ಆ ನೋಟವನ್ನು ಗುರುತಿಸಿದ. ಇಷ್ಟು ದಿನ ಅದು ಬೇರೆಯವರ ಮೇಲೆ ಬೀಳುವುದನ್ನು ಕಂಡೂ ಕಾಣದಂತಿದ್ದ. ಈಗ ಅದು ತನ್ನ ಮೇಲೆಯೇ ಬಿದ್ದಾಗ, ಮೈಮೇಲೆ ತಣ್ಣೀರು ಸುರಿದಂತಾಯಿತು. ಕಾರಿನ ಕೀಲಿ ತೆಗೆದುಕೊಂಡು, "ನಡಿ," ಎಂದ.

ದಕ್ಷಿಣಕ್ಕೆ ಹೋಗುವ ಹಾದಿ ಒಂದೆಡೆ ಕಡಲನ್ನೂ ಒಂದೆಡೆ ಒಣಗಿದ ಬಂಗಾರದ ಗುಡ್ಡಗಳನ್ನೂ ಹಿಡಿದು ಸಾಗುತ್ತದೆ. ಆ ಸೌಂದರ್ಯವೆಲ್ಲ ಅಂದು ಕಿಟಕಿಯ ಹೊರಗೆ ವ್ಯರ್ಥವಾಗಿ ಹರಿದುಹೋಯಿತು. 

ಬಾಗಿಲು ತೆರೆದ ವೈಶಾಲಿ ಬೆರಗಾದಳು. "ಅರೆ! ಏನು ಮರ್ತು ಬಂದೀವಿ ನಾವು?" ಒಳಗಿನಿಂದ ಪ್ರೇಮವ್ವ, "ನಮ್ಮನ್ನ ಬಿಟ್ಟಿರಾಕ ಆಗ್ಲಿಲ್ಲೇನ ಅವ್ರಿಗೆ!" ಎಂದು ನಕ್ಕಳು. ಚಹಾಕ್ಕೆಂದು ಅಡುಗೆಮನೆಯೊಳಗೆ ಹೆಜ್ಜೆಯಿಟ್ಟ ಸೌಜನ್ಯಾ ನಿಂತಲ್ಲೇ ನಿಂತಳು. ಮೈಕ್ರೊವೇವಿನ ಮೇಲೆ ಹಾಸಿದ್ದ ಬಟ್ಟೆ... ಗಿಳಿಹಸಿರು, ದಾಳಿಂಬೆಗೆಂಪು! ಅದರ ಮೇಲೊಂದು ಎಣ್ಣೆಯ ಬಾಟಲಿ. ಬಾಟಲಿಯ ಸುತ್ತ, ನೋಡನೋಡುತ್ತಿದ್ದಂತೆ, ಒಂದು ಕಂದು ಕಲೆ ಹರಡುತ್ತಿತ್ತು.

"ಎಷ್ಟು ಚೆಂದೈತಿ ಅಂತ ಕಾಣೂ ಹಂಗ ಹಾಸೀನಿ ನೋಡು," ಎಂದಳು ವೈಶಾಲಿ, ನಿಷ್ಕಪಟವಾದ ಹೆಮ್ಮೆಯಿಂದ.

 ಆಗ ಹಿಂದಿನಿಂದ ಪ್ರವೀಣನ ದನಿ ಬಂದಿತು. ಆ ದನಿಯಲ್ಲಿ ನಗುವಿರಲಿಲ್ಲ.

"ಅಕ್ಕ, ಆ ಖಣ ತಿರುಗಿ ಕೊಡು."

ಪ್ರೇಮವ್ವ ಕೆನ್ನೆಗೆ ಕೈಯಿಟ್ಟಳು. "ಉಡ್ಯಾಗಿಂದು ಕೇಳ್ತಾರೇನೋ ಯಾರರೆ? ಏನು ಬಡತನ ಬಂತೋ ನಿನಗ!"

"ಕೇಳ್ತಾರ ದೊಡ್ಡವ್ವ. ನಾ ಕೇಳಾಕತ್ತೀನಿ. ಅದು ನನ್ನ ಹೇಣ್ತಿ ಅಜ್ಜೀದು, ನಾ ಕೇಳದ ತಂದು ಕೊಟ್ಟೆ. ಊರಾಗ ಹೇಳೂದಿದ್ರ ಹೇಳು, ಪ್ರವ್ಯಾ ನಾಚಿಗಿ ಬಿಟ್ಟಾನ ಅಂತ ಹೇಳು. ಮತ್ತ ಇನ್ನೊಂದು... ಇನ್ ಮ್ಯಾಲ ಆ ಕೋಣಿ ಈಕೀದು. ಬರಾವ್ರು ಈಕೀನ್ನ ಕೇಳಿ ಬರ್ಲಿ."

ಅವನ ಕಿವಿಗಳು ಕೆಂಪಾಗಿದ್ದವು. ಜನ್ಮವಿಡೀ ಒಳ್ಳೆಯವನೆನ್ನಿಸಿಕೊಂಡು ಬದುಕಿದವನಿಗೆ ಆ ಒಂದು ಮಾತು ಎಷ್ಟು ಭಾರವಾಗಿತ್ತೆಂದು ಅವಳಿಗೊಬ್ಬಳಿಗೇ ತಿಳಿದಿತ್ತು. ಅವಳ ಎದೆಯೊಳಗೆ, ಬಹುದಿನಗಳಿಂದ ಸುಮ್ಮನಿದ್ದ ತಂತಿಯೊಂದು ಮೆಲ್ಲಗೆ ಮಿಡಿಯಿತು...

ವೈಶಾಲಿ ಮುಂದೆ ಬಂದಳು. ಬಾಟಲಿ ಎತ್ತಿಟ್ಟು, ಖಣ ಮಡಚಿದಳು. "ಅಜ್ಜೀದು ಅಂದಿದ್ರ ಆಗ್ತಿತ್ತಲ್ಲೋ, ಹುಚ್ಚ! ಆದ್ರ ಬರೀ ಕೈಲೆ ಕೊಡೂದು ಬ್ಯಾಡ. ಅವ್ವಾ, ಅಕ್ಕಿ ತಾ. ಸೌಜನ್ಯಾ, ಇಲ್ಲಿ ಕುಂಡ್ರು, ಮೂಡಣಕ್ಕ ಮಾರಿ ಮಾಡು."

ಮುಖ ಗಂಟಿಕ್ಕಿಕೊಂಡೇ ಪ್ರೇಮವ್ವ ಅಕ್ಕಿ ತಂದಳು; ಗಂಟಿಕ್ಕಿಕೊಂಡೇ ಕುಂಕುಮ ಹಚ್ಚಿದಳು; ಕೊನೆಗೆ ತಡೆಯಲಾರದೆ, "ನಿನ್ನ ಮಾರಿ ನಾ ನೋಡೀನಿ. ನನಗರೆ ಹೇಳಬಾರದೇನವಾ, ಸಿಂಕಿನ್ಯಾಗ ಉಗುಳಬ್ಯಾಡ್ರಿ ಅಂತ? ನಾ ನಲವತ್ತು ವರ್ಷದಿಂದ ಹೇಳಾಕತ್ತೀನಿ ಅವರಿಗೆ!" ಎಂದುಬಿಟ್ಟಳು. ಸೌಜನ್ಯಾ ನಗಬಾರದೆಂದುಕೊಂಡೂ ನಕ್ಕಳು. ಅತಿಥಿಯಾಗಿ ಕುಳಿತ ಅವಳ ಉಡಿಗೆ ಅಕ್ಕಿಯೊಡನೆ ಖಣ ಮರಳಿ ಬಿದ್ದಿತು.

ಕಲೆ ಹೋಗಲಿಲ್ಲ. ಸೋಪು, ನಿಂಬೆ, ಬಿಸಿನೀರು, ಯಾವುದಕ್ಕೂ ಬಗ್ಗಲಿಲ್ಲ. ಅದನ್ನು ಕಂಡಾಗಲೆಲ್ಲ ಅವಳ ಮೂಗು ಇನ್ನೂ ಸುಕ್ಕಾಗುತ್ತಿತ್ತು. ಆದರೂ ಆ ವಾರದ ಸಂಜೆಗಳಲ್ಲಿ ಅವಳು ಮಷೀನಿನ ಮುಂದೆ ಕುಳಿತಳು; ಪ್ರವೀಣ ಪಕ್ಕದಲ್ಲಿ ಕುಳಿತು ಬಟ್ಟೆಯ ತುದಿ ಹಿಡಿದ, ಸೂಜಿಗೆ ದಾರ ಪೋಣಿಸಲು ಹೋಗಿ ಬೆರಳು ಚುಚ್ಚಿಕೊಂಡ, "ಇದ್ಯಾಕ ಇಷ್ಟು ಸಣ್ಣ ತೂತು ಇಟ್ಟಾರ?" ಎಂದು ಗೊಣಗಿದ. ಅವನ ಫೋನು ಎರಡು ಸಲ ಮಿನುಗಿತು. ಅವನು ಅದನ್ನು ಬೋರಲು ಹಾಕಿದ.

ಶನಿವಾರದ ಸಂಜೆ ಟೊರ್ರಿ ಪೈನ್ಸಿನ ದಂಡೆ. ಕಾವಿಬಣ್ಣದ ಬಂಡೆಗೋಡೆಗಳ ಬುಡದಲ್ಲಿ ತೆರೆಗಳು ತಮ್ಮ ನೊರೆಯ ಸೆರಗನ್ನು ಹಾಸಿ ಹಾಸಿ ಹಿಂತೆಗೆಯುತ್ತಿದ್ದವು; ಅಸ್ತಮಾನದ ಸೂರ್ಯ ಕುಂಕುಮದ ಭರಣಿಯನ್ನೇ ನೀರಿಗೆ ಬಾಗಿಸಿದ್ದ. ಸೌಜನ್ಯಾ ಹಸಿರು ಕುಬಸ ತೊಟ್ಟು ತೆರೆಯಂಚಿನಲ್ಲಿ ನಿಂತಳು. ಗುಳೇದಗುಡ್ಡದಲ್ಲಿ ಮುಂಜಾನೆಯಾಗಿತ್ತು. ಪ್ರವೀಣ ಫೋನು ಹಿಡಿದು ಹಿಂದೆ ಹಿಂದೆ ನಡೆದ. ಅವನ ಬೂಟಿನೊಳಗೆ ಕಡಲು ಹೊಕ್ಕಿತು.

"ಅಜ್ಜಿ, ಕಾಣ್ತೇನು? ಸಮುದ್ರ!"

"ಸಮುದ್ರ ಸರಿಸವಾ, ನಿನ್ನ ತೋರಿಸು... ಹಾಂ, ಹಸಿರು. ಕಾಣ್ತು, ಕಾಣ್ತು! ನಿಮ್ಮ ತಾತನ ಹಸಿರು." ಮುದುಕಿ ಫೋನನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ಹಿಡಿದಳು. "ತೋಳು ಬಿಗಿ ಆಗಿಲ್ಲಲ್ಲ? ತಿರುಗು. ಬೆನ್ನ ಮ್ಯಾಲ ಅದೇನು ಕರ್ರಗ?"

"ಎಣ್ಣಿ ಕಲಿ, ಅಜ್ಜಿ. ಹೋಗ್ಲಿಲ್ಲ."

"ಇರ್ಲಿ ಬಿಡು. ಮಂದಿ ಬಂದು ಹೋಗೂ ಮನಿ ಅಂತ ಗೊತ್ತಾಗ್ತೈತಿ."

ಕೊಟ್ಟ ಭಾಷೆ ಅಲ್ಲಿಗೆ ಸಂದಿತು. ತೆರೆಯೊಂದು ಬಂದು ಅವರಿಬ್ಬರ ಪಾದಗಳನ್ನು ಒಟ್ಟಿಗೆ ತೋಯಿಸಿ ಹೋಯಿತು... ಮನುಷ್ಯಹೃದಯವೆಷ್ಟು ವಿಚಿತ್ರ! ಯಾರಿಗಾಗಿ ಮಿಡಿಯುತ್ತದೆಯೋ ಅವರ ಮೇಲೆಯೇ ಒಮ್ಮೊಮ್ಮೆ ಹೇಸುತ್ತದೆ. ಹೇಸಿದ ಕೈಯಿಂದಲೇ ಮತ್ತೆ ಬಡಿಸುತ್ತದೆ. ತನಗಾಗಿ ಒಬ್ಬರು ಒಂದೇ ಒಂದು ಸಲ ನಾಚಿಕೆ ಬಿಟ್ಟರೆ ಸಾಕು, ಎಷ್ಟೋ ಕಲೆಗಳನ್ನು ಬೆನ್ನ ಮೇಲೆ ಹೊತ್ತು, ಸಂಜೆಯ ಬೆಳಕಿಗೆ ಎದುರಾಗಿ, ಹಗುರವಾಗಿ ನಿಲ್ಲುತ್ತದೆ.