ತಟ್ಟೆ ತೊಳೆದ ನೀರು

ಒಂದಗುಳು, ತಟ್ಟೆಯ ಅಂಚಿಗೆ ಹತ್ತಿಕೊಂಡು ಕೂತಿದೆ, ಆಚೆಗೆ ಬೀಳೋದೂ ಇಲ್ಲ, ಒಳಕ್ಕೆ ಜಾರೋದೂ ಇಲ್ಲ, ಮೊದಲಾಗಿದ್ದರೆ ಇದು ನನ್ನ ಕಣ್ಣಿಗೆ ಬೀಳುತ್ತಿತ್ತಾ, ಗುಡ್ಡೆ ಅನ್ನದಲ್ಲಿ ಇದೂ ಒಂದು ಅಂತ ಬಾಯಿಗೆ ಹೋಗಿರೋದು, ಈಗ ನೋಡು, ಎರಡು ತುದಿ ಚೂಪು, ನಡುವೆ ಕೊಂಚ ಉಬ್ಬು, ಮೈಗೆಲ್ಲ ಸಾರಿನ ಬಣ್ಣ — ಅಯ್ಯೋ, ಅನ್ನದ ಅಗುಳಿಗೂ ಹೊಟ್ಟೆ ಇದೆಯಲ್ಲೇ ಪ್ರೇಮಲೀಲಾ, ನಿನ್ನದಕ್ಕಿಂತ ದೊಡ್ಡದೇ ಇರಬೇಕು ಈಗ. ನಗು ಬರುತ್ತೆ, ನಗಬಾರದು, ದೇವರಕೋಣೆಯ ಬಾಗಿಲು ಮುಂದಕ್ಕೆ ಹಾಕಿದೆ, ಒಳಗೆ ಅತ್ತೆ ಇದ್ದಾರೆ, ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗೆ ಏನೂ ಹಾಕಿಲ್ಲ, ನನ್ನ ಜೊತೆ ಒಂದು ಮಾತೂ ಇಲ್ಲ, ಎಂಬತ್ತರ ಹತ್ತಿರದ ಜೀವ. ನಾನು ಇಲ್ಲಿ ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿಕೊಂಡು, ತಟ್ಟೆ ತುಂಬ ಅನ್ನ, ಸೊಪ್ಪಿನ ಸಾರು, ಹುರುಳಿಕಾಯಿ ಪಲ್ಯ, ಒಂದು ಬಟ್ಟಲು ಮೊಸರು ಎಲ್ಲ ಬಡಿಸಿಕೊಂಡು, ಮಗುವಿನ ಚಮಚದಲ್ಲಿ ಮೂರೋ ನಾಲ್ಕೋ ಸಲ ಬಾಯಿಗಿಟ್ಟು, ಸಾಕಾಗಿ ಕೂತಿದ್ದೀನಿ, ಬೇಕಂತಲೇ ಇಷ್ಟು ಬಡಿಸಿಕೊಂಡಿದ್ದೀನಿ, ಅತ್ತೆ ಬಂದು ಈ ತಟ್ಟೆಯ ಮುಂದೆ ಕೂತರೆ ಈ ಮನೆ ಉಳಿಯಿತು, ಬರದಿದ್ದರೆ ಮುಂದೆ ಏನು ಅನ್ನೋದು ನನಗೆ ಹೊಳೆಯುತ್ತಿಲ್ಲ.

ಪಕ್ಕದ ಮನೆಯವರು ಬೆಳ್ಳುಳ್ಳಿ ಸುಡುತ್ತಿದ್ದಾರೆ, ಗೋಡೆ ದಾಟಿ ಬರುತ್ತಿದೆ, ಇದೊಂದು ಹೊಸ ಚೋದ್ಯ, ಹೊಟ್ಟೆ ಚಿಕ್ಕದಾದ ಮೇಲೆ ಮೂಗು ದೊಡ್ಡದಾಗಿದೆ, ರಾಮಕೃಷ್ಣನಗರದ ಈ ಬೀದಿಯಲ್ಲಿ ಯಾರ ಮನೆಯಲ್ಲಿ ಏನು ಅಂತ ಕಣ್ಣುಮುಚ್ಚಿ ಹೇಳಬಲ್ಲೆ, ಆದರೆ ಬೇಕು ಅನ್ನಿಸೋಲ್ಲ, ವಾಸನೆ ಬರುತ್ತೆ, ಬಂತು ಅಂತ ಗೊತ್ತಾಗುತ್ತೆ, ಅಷ್ಟೆ. ಹಸಿವು ಎಲ್ಲಿಗೆ ಹೋಯಿತು? ನಿಜವಾಗಿ ಕೇಳ್ತಿದ್ದೀನಿ, ಅದು ಎಲ್ಲಿಗೆ ಹೋಗಿರಬಹುದು? ನಲವತ್ತನಾಲ್ಕು ವರ್ಷ ಜೊತೆಗಿದ್ದದ್ದು, ಹನ್ನೊಂದು ಗಂಟೆಗೆ ಬಂದು ಬಾಗಿಲು ಬಡಿಯುತ್ತಿದ್ದದ್ದು, ಹೋಗುವಾಗ ಹೇಳಿಯೂ ಹೋಗಲಿಲ್ಲ. ಡಾಕ್ಟರು ಕಾಗದದ ಮೇಲೆ ಹೊಟ್ಟೆಯ ಚಿತ್ರ ಬರೆದು, ಇಷ್ಟು ಕತ್ತರಿಸಿ ತೆಗೀತೀವಿ, ಇಷ್ಟು ಉಳಿಸ್ತೀವಿ, ಒಂದು ಬಾಳೆಹಣ್ಣಿನಷ್ಟು ಅಂದರು, ಯಾವ ಬಾಳೆಹಣ್ಣು ಡಾಕ್ಟ್ರೇ, ಪಚ್ಚಬಾಳೆನಾ ರಸಬಾಳೆನಾ, ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು, ನಂಜನಗೂಡಿನ ರಸಬಾಳೆ ಅಂತಲೇ ಇಟ್ಕೊಳ್ಳಿ ಅಮ್ಮಾ. ಆಪರೇಷನ್ ಆದ ಮೇಲೆ ಇನ್ನೊಂದು ಕೇಳಿದೆ, ತೆಗೆದಿದ್ದನ್ನ ಏನು ಮಾಡಿದ್ರಿ, ಮಹೇಶ್ — ನನ್ನ ಯಜಮಾನರು — ಮಂಚದ ಪಕ್ಕ ನಿಂತು ಸುಮ್ನಿರೇ ಅಂತ ಕಣ್ಣುಬಿಟ್ಟರು, ಯಾಕೆ ಸುಮ್ನಿರಲಿ, ನನ್ನ ಹೊಟ್ಟೆ, ನಾನು ಕೇಳ್ತೀನಿ, ರವಿಕೆ ಹೊಲಿದು ಕೊಟ್ಟರೆ ಗಿರಾಕಿಗಳು ಮಿಕ್ಕಿದ ಪೀಸು ಕೇಳಿ ಇಸಕೊಂಡು ಹೋಗಲ್ವಾ.

ರವಿಕೆಯೇ ನನ್ನನ್ನ ಆಸ್ಪತ್ರೆಗೆ ಕಳಿಸಿದ್ದು, ಮಂಡಿನೋವು ಸಕ್ಕರೆ ಕಾಯಿಲೆ ಎಲ್ಲ ಇತ್ತು, ಅದನ್ನೆಲ್ಲ ಸಹಿಸಿಕೊಂಡಿದ್ದೆ, ಆದರೆ ಮೆಷಿನ್ನಿನ ಮುಂದೆ ಕೂತರೆ ಹೊಟ್ಟೆ ಹಲಗೆಗೆ ತಾಗಿ ಕೈ ಸೂಜಿಯವರೆಗೆ ಹೋಗದೇ ಇದ್ದ ದಿನ ಅತ್ತುಬಿಟ್ಟೆ, ಮುಂದಿನ ಕೋಣೆಯಲ್ಲಿ ಹತ್ತಿಪ್ಪತ್ತು ವರ್ಷದಿಂದ ಇಟ್ಟುಕೊಂಡ ಹೊಲಿಗೆ ಅಂಗಡಿ, ಬಾಗಿಲಲ್ಲಿ ನಿಂತವರ ಅಳತೆ ಟೇಪಿಲ್ಲದೆ ಹೇಳ್ತೀನಿ, ನನ್ನ ಅಳತೆಗೆ ಮಾತ್ರ ಟೇಪೇ ಸಾಲದು. ಈಗ? ಈಗ ಕೈ ಸೂಜಿ ದಾಟಿ ಆಚೆಗೆ ಹೋಗುತ್ತೆ. ಮೊನ್ನೆ ಸ್ನಾನ ಮಾಡುವಾಗ ಕುತ್ತಿಗೆ ಕೆಳಗೆ ಏನೋ ಗಟ್ಟಿ ಸಿಕ್ಕಿತು, ಗಾಬರಿಯಾಗಿ ಕನ್ನಡಿ ನೋಡಿದರೆ ಮೂಳೆ, ನನ್ನದೇ ಮೂಳೆ, ಮದುವೆಯ ಫೋಟೋದಲ್ಲಿ ಇದ್ದದ್ದು, ಎಷ್ಟು ವರ್ಷದ ಮೇಲೆ ಭೇಟಿ, ಹೇಗಿದ್ದೀಯಮ್ಮ ಅಂತ ಮುಟ್ಟಿಮುಟ್ಟಿ ನೋಡಿದೆ. ಕೊರಳಿನ ಲಿಂಗದ ಕರಡಿಗೆ ಇಳಿಬೀಳತೊಡಗಿತು, ಮೈ ಕರಗಿದಂತೆ ಶಿವದಾರ ಉದ್ದವಾಗುತ್ತಾ ಬಂತು, ಅತ್ತೆಯೇ ಒಂದು ದಿನ ಹತ್ತಿರ ಕೂರಿಸಿಕೊಂಡು ದಾರ ಬಿಚ್ಚಿ ಗಿಡ್ಡ ಮಾಡಿ ಗಂಟು ಹಾಕಿದರು, ಲಿಂಗ ಹೊಕ್ಕಳಿಂದ ಕೆಳಕ್ಕೆ ಇಳೀಬಾರ್ದು ಕಣವ್ವಾ, ಅವರ ಬೆರಳು ನನ್ನ ಕತ್ತಿಗೆ ತಾಗಿತು, ತಣ್ಣಗಿತ್ತು, ಕಡ್ಡಿ ಕಡ್ಡಿ, ಆವತ್ತಾದರೂ ತಿಳೀಬೇಡವಾ ನನಗೆ.

ಬಾಗಿಲು ಕಿರ್ ಅಂತಾ? ಇಲ್ಲ, ಬೀದೀಲಿ ಯಾರದೋ ಸೈಕಲ್ಲು. ಮದುವೆಯಾಗಿ ಬಂದಾಗ ನಾನು ಕಡ್ಡಿಯೇ, ಅಪ್ಪನ ಮನೇಲಿ ಏಳು ಜನ ಮಕ್ಕಳು, ಕೊನೆಯವಳ ಸರದಿ ಬರೋ ಹೊತ್ತಿಗೆ ಪಾತ್ರೆ ತಳ ಕಾಣೋದು, ಅತ್ತೆ ನನ್ನ ಕೈ ಹಿಡಿದು ನೋಡಿ ಮಾವನಿಗೆ ಹೇಳಿದರು, ಏನ್ರೀ ಇದು, ಹೆಣ್ಣು ತಂದಿರೋ ಕೊಕ್ಕರೆ ತಂದಿರೋ. ಆಮೇಲೆ ಶುರುವಾಯಿತು ನೋಡು, ಗಂಡಸರದೆಲ್ಲ ಆದ ಮೇಲೆ ನಾವಿಬ್ಬರೇ ಇದೇ ನೆಲದ ಮೇಲೆ, ಇನ್ನೊಂದು ತುತ್ತು, ತುಪ್ಪ ಹಾಕ್ಕೋ, ನಾಚ್ಕೋಬೇಡ, ಇದು ನಿನ್ ಮನೆ, ಅವರು ನಾಲ್ಕು ಒಳ್ಳೆ ಮಾತಾಡಿದ್ದು ನೆನಪಿಲ್ಲ, ಎಲ್ಲ ಮಾತನ್ನೂ ಸೌಟಿನಲ್ಲೇ ಆಡಿದವರು. ಮೊದಲ ದಿನ ಉಂಡು ತಟ್ಟೆಯನ್ನ ನಲ್ಲಿ ಕೆಳಗೆ ಹಿಡಿದೆ, ನಾಲ್ಕು ಅಗುಳು ಇದ್ದವು, ಹಿಂದಿನಿಂದ ಬಂದು ನಲ್ಲಿ ನಿಲ್ಲಿಸಿದರು, ಪ್ರಸಾದ ಕಣವ್ವಾ ಅದು, ಮೋರಿಗೆ ಹೋಗಬಾರ್ದು. ತಟ್ಟೆಗೆ ಒಂದು ಲೋಟ ನೀರು ಹಾಕಿ, ಬೆರಳಿಂದ ಸುತ್ತ ತೊಳೆದು, ಎತ್ತಿ ಕುಡಿದು ತೋರಿಸಿದರು, ಹಂಗೆ ಕುಡಿದೇ ಬಂದೆ, ಮಠಕ್ಕೆ ಹೋದಾಗಲೂ ಮದುವೆಮನೆಗಳಲ್ಲೂ, ಒಂದಗುಳು ಬಿಟ್ಟವಳಲ್ಲ. ಈಗ ಡಾಕ್ಟರು ಹೇಳ್ತಾರೆ ಊಟದ ಜೊತೆ ನೀರು ಕೂಡದು, ಆದ ಮೇಲೂ ಅರ್ಧ ಗಂಟೆ ಕೂಡದು, ತಟ್ಟೆ ತೊಳೆದು ಹೇಗೆ ಕುಡೀಲಿ, ಅದನ್ನ ಆ ಚಿತ್ರದಲ್ಲಿ ಅವರು ಬರೆದಿರಲಿಲ್ಲ.

ಅತ್ತೆಗೆ ನಾವು ಹೇಳಿದ್ದು ಸುಳ್ಳು. ಹೊಟ್ಟೇಲಿ ಗಂಟು ಅವ್ವಾ, ತೆಗೆಸ್ಬೇಕು ಅಂದರು ಇವರು, ತೂಕ ಇಳಿಸೋಕೆ ಹೊಟ್ಟೆ ಕುಯ್ಸಿಕೊಳ್ತಾಳೆ ಅಂದರೆ ಅವ್ವ ಒಪ್ಪಲ್ಲ ಕಣೇ, ಸುಮ್ನೆ ಯಾಕೆ. ನಾನೂ ಸರಿ ಅಂದೆ, ನನಗೂ ಧೈರ್ಯ ಇರಲಿಲ್ಲ, ಇಷ್ಟು ವರ್ಷ ಉಣಿಸಿದ್ದನ್ನೆಲ್ಲ ಬೇಡ ಅಂದ ಹಾಗಾಗುತ್ತೆ ಅಂತ. ಮೊದಲು ಬರೀ ಗಂಜಿ ತಿಳಿ, ಬೇಳೆಕಟ್ಟು, ಆಮೇಲೆ ಮೆತ್ತಗಿನ ಅನ್ನ, ಕೈಗೆ ಹಳೇ ಅಭ್ಯಾಸ, ಸೌಟು ತುಂಬ ಬಡಿಸಿಕೊಂಡುಬಿಡೋದು, ಮೂರು ಚಮಚಕ್ಕೆ ಎದೆ ಬಿಗಿದು ಕಣ್ಣಲ್ಲಿ ನೀರು, ತಟ್ಟೆಯಲ್ಲಿ ಹಾಗೇ ಮಿಕ್ಕಿರೋದು, ಅತ್ತೆ ಬಂದು ಇಡು ಅಲ್ಲಿ, ನಾನ್ ನೋಡ್ಕೊತೀನಿ, ನೀ ಹೋಗಿ ಮಲ್ಕೋ ಅನ್ನೋರು, ಹೋಗಿ ಮಲಗುತ್ತಿದ್ದೆ, ಕೆಲಸದ ಸುಂದರಮ್ಮನ ಹಸುವಿಗೆ ಹಾಕುತ್ತಾರೆ ಅಂದುಕೊಂಡಿದ್ದೆ. ಬರಬರುತ್ತಾ ಕಲಿತೆ, ಸೌಟಿನಿಂದ ಚಮಚಕ್ಕೆ ಬಂದೆ, ತಟ್ಟೆ ಬಿಟ್ಟು ಬಟ್ಟಲಿಗೆ ಬಂದೆ, ಎಷ್ಟು ಹಿಡಿಸುತ್ತೆ, ಎಲ್ಲಿಗೆ ಸಾಕು ಅನ್ನುತ್ತೆ, ಯಾವುದು ಒಳಗೆ ಹೋಗಿ ಕೂರುತ್ತೆ, ಯಾವುದು ಜಗಳ ತೆಗೆಯುತ್ತೆ, ದಿನಾ ಒಂದೊಂದು ಪ್ರಯೋಗ, ನೋಡೋಣ ಇವತ್ತು ಉಪ್ಪಿಟ್ಟು, ನೋಡೋಣ ಇವತ್ತು ಹೆಸರುಬೇಳೆ, ಹೊಸ ಸೊಸೆ ಮನೆಗೆ ಬಂದಂಗೆ ಈ ಹೊಟ್ಟೆ, ಅದರ ಗುಣ ತಿಳಿಯೋದರಲ್ಲೇ ನಾನು ಮುಳುಗಿಹೋಗಿದ್ದೆ. ಮೊನ್ನೆ ಬಟ್ಟಲು ಪೂರ್ತಿ ಖಾಲಿ ಮಾಡಿ ಸ್ಕೂಲ್ ಹುಡುಗಿ ಥರ ಎತ್ತಿ ತೋರಿಸಿದೆ, ನೋಡಿ ಅತ್ತೆ, ಒಂದಗುಳೂ ಬಿಟ್ಟಿಲ್ಲ! ಅವರು ಬಟ್ಟಲೊಳಗೆ ಬಗ್ಗಿ ನೋಡಿದರು. ಒಳ್ಳೇದಾಯ್ತು ಕಣವ್ವಾ, ಅಂದರು.

ಆ ನಡುವೆ ಒಂದು ಮಧ್ಯಾಹ್ನ, ನನ್ನ ರವಿಕೆಗಳನ್ನ ಒಳಕ್ಕೆ ಹಿಡಿಯುತ್ತಾ ಕೂತಿದ್ದೆ, ಖುಷಿಯಲ್ಲಿ, ಅತ್ತೆ ತಮ್ಮದೂ ಎರಡು ತಂದಿಟ್ಟರು, ಹೊಲಿಗೆ ಸಡಿಲ ಆಗ್ಬುಟ್ಟದೆ, ಇದಕ್ಕೂ ಒಂದೊಂದ್ ಹೊಲಿಗೆ ಹಾಕ್ಬುಡು. ಹಾಕಿಕೊಟ್ಟೆ. ಹೊಲಿಗೆ ಎಲ್ಲಿ ಸಡಿಲವಾಗಿತ್ತು, ನಾನೇ ಹೊಲಿದದ್ದು, ನನ್ನ ಹೊಲಿಗೆ ಸಡಿಲ ಆಗುತ್ತಾ? ಊರವರ ಮೈಯನ್ನೆಲ್ಲ ಕಣ್ಣಲ್ಲೇ ಅಳೆಯೋ ನಾನು ಸೂಜಿ ಓಡಿಸುತ್ತಾ ಏನೋ ಗುನುಗುತ್ತಿದ್ದೆ.

ನಿನ್ನೆ ಉಂಡು ಮಲಗಿ, ಅರ್ಧ ಗಂಟೆ ಆಯಿತಲ್ಲ ಅಂತ ನೀರು ಕುಡಿಯೋಕೆ ಇಲ್ಲಿಗೆ ಬಂದರೆ, ಅತ್ತೆ ಇದೇ ಜಾಗದಲ್ಲಿ ಕೂತು ನನ್ನ ಖಾಲಿ ಬಟ್ಟಲಿಗೆ ನೀರು ಹಾಕಿ ಬೆರಳಿಂದ ತೊಳೆಯುತ್ತಿದ್ದಾರೆ, ಬೆಳ್ಳಗಿನ ನೀರು, ಅದರಲ್ಲಿ ಒಂದೇ ಒಂದು ಅಗುಳು ತೇಲುತ್ತಿದೆ, ಎತ್ತಿ ಕುಡಿದರು, ಕೈ ಎತ್ತಿದಾಗ ರವಿಕೆಯ ತೋಳು — ನಾನು ಒಳಕ್ಕೆ ಹಿಡಿದ ತೋಳು — ಮತ್ತೆ ಜೋತಾಡಿತು. ಅತ್ತೆ, ಊಟ ಆಯ್ತಾ? ಆಯ್ತಲ್ಲ ಈಗ. ಏನು ಉಂಡ್ರಿ? ಒಲೆಯ ಮೇಲೆ ಅವರ ಪಾಲಿನ ಅನ್ನ ಸೌಟು ತಾಗದೆ ಹಾಗೇ ಇದೆ, ಸುಂದರಮ್ಮನ ಹಸುವಿಗೆ ದಿನಾ ಹೋಗುತ್ತಿದ್ದದ್ದು ಇದು. ಹಿಂಡಿ ಹಿಂಡಿ ಕೇಳಿದ ಮೇಲೆ ಬಾಯಿಬಿಟ್ಟರು, ನೀನು ಮೊದಲ ದಿನ ತಟ್ಟೇಲಿ ಬಿಟ್ಟೆಯಲ್ಲಾ, ಅವತ್ತೇ ನಂಜುಂಡಪ್ಪಂಗೆ ಹರಕೆ ಹೊತ್ತೆ ಕಣವ್ವಾ, ನನ್ ಸೊಸೆ ಮೊದಲಿನಂಗೆ ತಟ್ಟೆ ತುಂಬ ಉಣ್ಣೋಗಂಟ ಅವಳ ತಟ್ಟೇಲಿ ಮಿಕ್ಕಿದ್ದೇ ನನ್ ಊಟ, ಬೆಳಿಗ್ಗೆ ಕಾಫಿ ರಾತ್ರಿ ಹಾಲು ಬಿಟ್ಟು ಬೇರೆ ಮುಟ್ಟಲ್ಲ ಅಂತ. ನನ್ನ ಎಂಜಲಾ ಅತ್ತೆ? ಪ್ರಸಾದಕ್ಕೆಂಥ ಎಂಜಲು. ನಾನು ಸೌಟು ಬಿಟ್ಟು ಚಮಚ ಹಿಡಿದಂತೆಲ್ಲ ಈ ಮುದುಕಿಯ ಊಟ ಕಿರಿದಾಗುತ್ತಾ ಬಂದಿದೆ, ನಾನು ಖಾಲಿ ಬಟ್ಟಲು ಎತ್ತಿ ತೋರಿಸಿದ ದಿನ ಇವರಿಗೆ ಬರೀ ನೀರು, ಅದಕ್ಕೆ ಒಳ್ಳೇದಾಯ್ತು ಅಂತ ಬೇರೆ ಅಂದರು, ನನಗೆ ಗುಣವಾಗುತ್ತಿದೆ ಅಂತ. ಹೇಳಿಬಿಟ್ಟೆ. ಗಂಟಲ್ಲ ಅತ್ತೆ, ತೂಕ ಇಳೀಲಿ ಅಂತ ನಾನೇ ಕೇಳಿ ಹೊಟ್ಟೆ ಕುಯ್ಸಿಕೊಂಡದ್ದು, ಇನ್ನು ಈ ಜನ್ಮದಲ್ಲಿ ತಟ್ಟೆ ತುಂಬ ಉಣ್ಣೋಕಾಗಲ್ಲ, ನನಗೆ ಹಸಿವೇ ಆಗಲ್ಲ ಈಗ. ಅವರು ಬಟ್ಟಲನ್ನ ಕೆಳಗಿಟ್ಟರು. ಹಸಿವನ್ನೇ ಕುಯ್ಸಿ ಹಾಕ್ಬುಟ್ಟಾ?

ಅಷ್ಟೇ, ಎದ್ದು ದೇವರಕೋಣೆಗೆ ಹೋದರು, ರಾತ್ರಿ ಹಾಲೂ ಬೇಡ, ಬೆಳಿಗ್ಗೆ ಕಾಫಿಯೂ ಬೇಡ. ಇವರು ಬಾಗಿಲ ಹತ್ತಿರ ನಿಂತು ಅವ್ವಾ, ಸ್ವಾಮಿಗಳ ಹತ್ರ ಹೇಳಿ ಹರಕೆ ಬಿಡಿಸ್ತೀನಿ ಅಂದರೆ, ಹೊತ್ತೋಳು ನಾನು, ಬಿಡಿಸೋಕೆ ಅವರ್ಯಾರು, ಹೋಗೋ, ಅಂತ ಒಳಗಿಂದ. ಕೋಪ ಬಂತು ನನಗೆ, ಹಟಮಾರಿ ಮುದುಕಿ, ಸಾಯ್ತೀರಾ ಹೀಗೆ ಅಂತ ಕೂಗಬೇಕು ಅನ್ನಿಸಿತು, ಕೂಗಲಿಲ್ಲ, ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಾ ನಿಂತೆ, ಅಳತೆ ಬದಲಾಯಿತು ಅಂತ ಯಾರಾದರೂ ರವಿಕೆ ಬಿಸಾಡುತ್ತಾರಾ, ಬಿಚ್ಚಿ ಬೇರೆ ಥರ ಹೊಲೀತೀವಿ, ನನ್ನ ತಟ್ಟೇಲಿ ಮಿಕ್ಕಿದ್ದೇ ಊಟ ಅಂದಿದ್ದಾರೆ ತಾನೆ, ಸರಿ ಹಾಗಾದರೆ, ಮಿಕ್ಕಲಿ. ದೊಡ್ಡ ತಟ್ಟೆ ಇಳಿಸಿದೆ, ಮಾವನವರದ್ದು, ಸೌಟು ತುಂಬ ತುಂಬ ಬಡಿಸಿದೆ, ಬಾಗಿಲ ಕಡೆ ತಿರುಗಿ ಕೂಗಿದೆ, ಅತ್ತೇ, ಕೈ ಬೀಸಿ ಬಡಿಸಿಕೊಂಡುಬಿಟ್ಟೆ, ನನ್ನ ಕೈಲಿ ಆಗ್ತಿಲ್ಲ, ಪ್ರಸಾದ ಮಿಕ್ಕಿದೆ. ಕೂಗಿ ಎಷ್ಟು ಹೊತ್ತಾಯಿತು, ಸಾರು ಕೆನೆಗಟ್ಟುತ್ತಿದೆ, ಬೇಕಂತಲೇ ತಟ್ಟೇಲಿ ಅನ್ನ ಬಿಟ್ಟು ಕೂತಿರೋದು ಹುಟ್ಟಿದಾಗಿನಿಂದ ಇದೇ ಮೊದಲು, ಕೈ ತಾನಾಗೇ ತಟ್ಟೆಗೆ ಹೋಗುತ್ತೆ, ಹಿಂದಕ್ಕೆಳೆದುಕೊಳ್ತೀನಿ, ಅಂಚಿನ ಅಗುಳು ಇನ್ನೂ ಕೂತಿದೆ, ನೀನಾದರೂ ಹೇಳು, ಬರ್ತಾರಾ?

ಬಾಗಿಲು. ಈ ಸಲ ನಿಜ. ಗೋಡೆ ಹಿಡಿದುಕೊಂಡು ಬರುವ ಹೆಜ್ಜೆ, ಹಣೆ ತುಂಬ ವಿಭೂತಿ, ಬಂದು ನಿಂತರು, ತಟ್ಟೆ ನೋಡಿದರು, ನನ್ನನ್ನ ನೋಡಿದರು, ಇಷ್ಟೊಂದಾ ಬಡಿಸ್ಕೊಳ್ಳೋದು, ಬುದ್ಧಿ ಬೇಡ್ವಾ? ಕೈ ತಪ್ಪಿತು ಅತ್ತೆ. ನಾಳೆ? ನಾಳೆಯೂ ತಪ್ಪುತ್ತೆ. ದಿನಾ ತಪ್ಪುತ್ತಾ? ದಿನಾ ತಪ್ಪುತ್ತೆ. ಮಂಡಿ ಊರಿ ಮೆಲ್ಲಗೆ ಕೂತರು, ತಟ್ಟೆಯನ್ನ ತಮ್ಮ ಕಡೆಗೆ ಎಳೆದುಕೊಂಡರು, ಸಾರನ್ನ ಕಲೆಸಿದರು, ಮೊದಲ ತುತ್ತು ಬಾಯಿಗೆ ಹೋಯಿತು, ಎರಡನೆಯದು, ಉಪ್ಪು ಕಮ್ಮಿ ಅದೆ ಕಣೆ, ಹೌದಾ ಅತ್ತೆ, ನನಗೆ ಅಳು, ಮೊಸರಿನವರೆಗೂ ಬಂದ ಮೇಲೆ ತಲೆಯೆತ್ತದೆ ಕೇಳಿದರು, ಎಷ್ಟು ಉಳಿಸವ್ರೆ ಹೊಟ್ಟೆಯ? ರಸಬಾಳೆಯಷ್ಟು. ಅಷ್ಟೇನಾ! ತೋರ್ಸು, ಎಲ್ಲಿ, ಅಂತ ಎಡಗೈ ಚಾಚಿ ಸೆರಗಿನ ಮೇಲಿಂದಲೇ ಒತ್ತಿ ನೋಡಿದರು, ಸಂತೆಯಲ್ಲಿ ಹಣ್ಣು ಮುಟ್ಟಿದಂತೆ, ನೋಯ್ತದಾ? ಇಲ್ಲ ಅತ್ತೆ. ತಟ್ಟೆ ಖಾಲಿ, ಲೋಟದ ನೀರು, ಬೆರಳು ಸುತ್ತ ಓಡಿತು, ಬಿಳಿ ನೀರು, ಎತ್ತಿ ಕುಡಿದರು, ತೋಳು ಜೋತಾಡಿತು, ಕುಡಿದು ತಟ್ಟೆ ಇಳಿಸಿದರೆ ಅಂಚಿನಲ್ಲಿ ಅದು ಇನ್ನೂ ಹಾಗೇ ಇದೆ, ನೀರಿಗೂ ಜಗ್ಗಿಲ್ಲ, ಅತ್ತೆ ಅದನ್ನ ಬೆರಳ ತುದಿಗೆ ಹತ್ತಿಸಿಕೊಂಡು ಬೆಳಕಿಗೆ ಹಿಡಿದರು, ನನ್ನ ಕಡೆಗೆ ಚಾಚಿದರು, ಇದಕ್ಕೆ ಜಾಗ ಅದಾ? ಬಾಯಿ ತೆರೆದೆ. ನಾಲಿಗೆಯ ಮೇಲೆ, ಒಂದಗುಳು. ಎರಡು ತುದಿ ಚೂಪು, ನಡುವೆ ಕೊಂಚ ಉಬ್ಬು. ಒಂದಗುಳು.