ಟೂರಿಲ್ ಆರಿಸಿದ ಲಕೋಟೆಗಳು

ಡಾಕ್ಟರುಗಳಿಗೆ ಪಾಠ ಹೇಳುವುದಕ್ಕಿಂತ ಕುರಿ ಕಾಯುವುದು ವಾಸಿ ಎಂದು ನಾನು ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದೇನೆ. ಹೊಸ ಔಷಧಿಯನ್ನು ರೋಗಿಗಳಲ್ಲಿ ಪರೀಕ್ಷಿಸುವುದು ಹೇಗೆ, ಅವರ ಒಪ್ಪಿಗೆ ಕೇಳುವುದು ಹೇಗೆ, ನಡೆದದ್ದನ್ನು ಬರೆದಿಡುವುದು ಹೇಗೆ, ಇದನ್ನೆಲ್ಲ ಹಡಗಿನಲ್ಲಿ ಹೋಗಿ ಉತ್ತರ ನಾರ್ವೆಯ ಸಣ್ಣ ಆಸ್ಪತ್ರೆಗಳಲ್ಲಿ ಕಲಿಸುವುದು ನನ್ನ ಕೆಲಸ. ಹೆಸರು ವೆಂಕೆ, ಬಾಯಿ ಜೋರಿನ ಹೆಂಗಸು. ಬೆನ್ನ ಹಿಂದೆ ‘ಲಕೋಟೆ ವೆಂಕೆ’ ಅನ್ನುತ್ತಾರೆ, ಗೊತ್ತು.

ನಾನು ಹೇಳಹೊರಟ ಪರೀಕ್ಷೆ ನಡೆದಾಗ ಈ ಕೆಲಸಕ್ಕೆ ಕಂಪ್ಯೂಟರ್ ಬಂದಿರಲಿಲ್ಲ. ರೋಗಿ ಒಪ್ಪಿ ಸಹಿ ಹಾಕಿದ ಮೇಲೆ ಪೆಟ್ಟಿಗೆಯಿಂದ ಮುಂದಿನ ಸಂಖ್ಯೆಯ ಲಕೋಟೆ ತೆಗೆಯಬೇಕು. ಒಳಗಿನ ಚೀಟಿಯಲ್ಲಿ ಹೊಸ ಮಾತ್ರೆ ಎಂದೋ ಹಳೆಯ ಚಿಕಿತ್ಸೆ ಎಂದೋ ಇರುತ್ತದೆ. ಯಾರಿಗೆ ಯಾವುದು ಎಂದು ಮನುಷ್ಯರು ಆರಿಸಬಾರದು, ಅಷ್ಟೇ. ದೀಪಕ್ಕೆ ಹಿಡಿದರೂ ಕಾಣದ ಹಾಗೆ ಲಕೋಟೆಯೊಳಗೆ ತಗಡಿನ ಹಾಳೆ ಇರಬೇಕಿತ್ತು. ಅಂಥದ್ದು ಬರಲು ಒಂದು ತಿಂಗಳಾಗುತ್ತದೆ ಎಂದರು. ನನಗೆ ತಾಳ್ಮೆ ಎಲ್ಲಿಂದ ಬರಬೇಕು. ಸಾದಾ ಲಕೋಟೆ ತರಿಸಿ, ನಾನೇ ಅಂಟಿಸಿ ಕಳಿಸಿಬಿಟ್ಟೆ.

ಹೃದಯ ದುರ್ಬಲವಾದ ರೋಗಿಗಳಿಗೆ ಕೊಡುವ ಮಾತ್ರೆ ಅದು. ಪರೀಕ್ಷೆ ನಡೆದದ್ದು ಮೂರೇ ಆಸ್ಪತ್ರೆಗಳಲ್ಲಿ, ಮುಕ್ಕಾಲು ಪಾಲು ರೋಗಿಗಳು ಟೂರಿಲ್ ಕೈಯಿಂದ ಬಂದವರು. ಟೂರಿಲ್ ಒಂದು ದ್ವೀಪದ ಆಸ್ಪತ್ರೆಯ ಹಿರಿಯ ನರ್ಸ್. ನನ್ನ ಹತ್ತಿರ ಕಲಿತವರಲ್ಲಿ ಅವಳಷ್ಟು ಅಚ್ಚುಕಟ್ಟಿನವಳು ಇನ್ನೊಬ್ಬಳಿಲ್ಲ. ಅವಳ ಕಾಗದಗಳಲ್ಲಿ ಒಂದು ಸಹಿಯೂ ತಪ್ಪಿದ್ದಿಲ್ಲ.

ಎಲ್ಲ ಮುಗಿದು ಪಟ್ಟಿ ನನ್ನ ಮೇಜಿಗೆ ಬಂದಾಗ ಮೊದಲು ಟೂರಿಲ್‌ಳ ಪುಟವನ್ನೇ ತೆರೆದೆ. ಅವಳ ಆಸ್ಪತ್ರೆಯಲ್ಲಿ ಹೊಸ ಮಾತ್ರೆ ನುಂಗಿದ ಇಪ್ಪತ್ತು ಜನರಲ್ಲಿ ಹನ್ನೊಂದು ಮಂದಿ ಸತ್ತಿದ್ದರು. ಹಳೆಯ ಚಿಕಿತ್ಸೆಯ ಇಪ್ಪತ್ತರಲ್ಲಿ ನಾಲ್ವರು. ಅಷ್ಟೇ ಆಗಿದ್ದರೆ ಮಾತ್ರೆ ಕೆಟ್ಟದ್ದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಆದರೆ ಮೊದಲ ದಿನದ ವಿವರ ನೋಡಿದರೆ, ಹೊಸ ಮಾತ್ರೆಗೆ ಹೋದವರೆಲ್ಲ ಮಲಗಿದರೆ ಉಸಿರು ಸಿಗದವರು. ಹಳೆಯದಕ್ಕೆ ಹೋದವರು ದೋಣಿ ಹತ್ತಿ ಮೀನಿಗೆ ಹೋಗಿ ಬರುವಷ್ಟು ಗಟ್ಟಿ. ಚೀಟಿ ತನ್ನಷ್ಟಕ್ಕೆ ಬಿದ್ದರೆ ಹೀಗೆ ವಿಂಗಡವಾಗುವುದಿಲ್ಲ. ಯಾರೋ ಆರಿಸಿದ್ದರು.

ಮಾರ್ಚಿನಲ್ಲಿ ಆ ದ್ವೀಪದಲ್ಲಿ ಹೊಸ ಡಾಕ್ಟರುಗಳಿಗೆ ನನ್ನ ತರಗತಿಯಿತ್ತು. ಬೆಳಗಿನ ಪಾಠ ಮುಗಿಸಿ ಟೂರಿಲ್‌ಳನ್ನು ಎಕ್ಸ್‌ರೇ ನೋಡುವ ಕೋಣೆಗೆ ಕರೆದೆ. ಅವಳು ಕಾಫಿಯನ್ನೂ ಕಂದು ಚೀಸ್ ಹಾಕಿದ ಬ್ರೆಡ್ಡನ್ನೂ ತಂದಿಟ್ಟಳು.

"ಲಕೋಟೆ ಸಾಲಾಗಿ ತೆಗ್ದ್ಯಾ?" ಎಂದೆ.

"ಇಲ್ಲ." ಒಂದು ಕ್ಷಣವೂ ತಡವರಿಸಲಿಲ್ಲ.

"ಒಳಗೇನಿದೆ ಅಂತ ಹೇಗೆ ಗೊತ್ತಾಯ್ತು?"

ಗೋಡೆಯ ಮೇಲಿನ ಎಕ್ಸ್‌ರೇ ದೀಪದ ಕಡೆ ಗದ್ದ ಎತ್ತಿ ತೋರಿಸಿದಳು. "ಅದಕ್ಕೆ ಹಿಡಿದ್ರೆ ಓದಕ್ಕೇ ಬರತ್ತೆ. ನೀವು ಕಳ್ಸಿದ್ದು ನಮ್ಮಜ್ಜಿ ಕಿಟಕಿ ಪರದೆಗಿಂತ ತೆಳು."

"ಯಾಕೆ ಹೀಗ್ ಮಾಡ್ದೆ?"

"ಇಲ್ಲಿರೋರೆಲ್ಲ ನಂಗೆ ಗೊತ್ತಿರೋರು, ವೆಂಕೆ. ಒಬ್ರು ನಂಗೆ ಅಕ್ಷರ ಕಲ್ಸಿದ ಮೇಷ್ಟ್ರು. ಉಸಿರಿಗೆ ಒದ್ದಾಡೋರ ಮುಂದೆ ನಿಂತು, ನಿಮ್ಗೆ ಹಳೇದೇ ಬಂತು, ಹೋಗ್ಬನ್ನಿ ಅನ್ಲಾ? ಯಾರಿಗೆ ಜಾಸ್ತಿ ಬೇಕೋ ಅವರಿಗೆ ಹೊಸದು ಕೊಟ್ಟೆ." ಬ್ರೆಡ್ಡಿನ ತಟ್ಟೆಯನ್ನು ನನ್ನ ಕಡೆ ಸರಿಸಿ ಹೇಳಿದಳು, "ಸಾಲು ಯಾಕೆ ತಪ್ಪಿಸ್ಬಾರ್ದು ಅಂತ ಮೂರು ವರ್ಷದ ಹಿಂದೆ ನಿಮ್ಮನ್ನ ಕೇಳಿದ್ದೆ. ‘ನಾನ್ ಹೇಳ್ತೀನಲ್ಲ, ಅದಕ್ಕೆ’ ಅಂದ್ರಿ. ಎಲ್ರೂ ನಕ್ರು."

ನನಗೆ ಅದು ಮರೆತೇ ಹೋಗಿತ್ತು. ಕೇಳಿದವರ ಬಾಯಿ ಮುಚ್ಚಿಸುವುದು ನನ್ನ ಹಳೆಯ ಚಾಳಿ. ಜೀವನದಲ್ಲಿ ಇಷ್ಟು ನಾಚಿಕೆಯಾದದ್ದು ನೆನಪಿಲ್ಲ.

"ನಿಮ್ಮಣ್ಣಂಗೂ ನೀನೇ ಆರ್ಸಿದ್ಯಾ?" ಎಂದೆ. ಅವಳ ಅಣ್ಣ ಇಂಗ್ವಾಲ್ಡ್ ಸತ್ತ ಹನ್ನೊಂದು ಜನರಲ್ಲಿ ಒಬ್ಬ. ಹಿಂದೆ ನಾನು ಬಂದಾಗಲೆಲ್ಲ ಬಂದರಿನಿಂದ ಕರೆತರುತ್ತಿದ್ದವನು ಅವನೇ.

"ಅವನಿಗೋಸ್ಕರ ಆರು ಲಕೋಟೆ ಹಿಡಿದು ನೋಡ್ದೆ. ಐದು ಹಳೇದೇ ಇತ್ತು."

ಕಾಫಿ ಆರುತ್ತಿತ್ತು. ಇದನ್ನು ಮೇಲಿನವರಿಗೆ ಬರೆಯಬೇಕಾಗುತ್ತದೆ, ನನ್ನ ತಪ್ಪನ್ನೂ ಸೇರಿಸಿ ಬರೆಯುತ್ತೇನೆ ಎಂದೆ.

"ಬರೀರಿ. ಕೆಲ್ಸ ಹೋದ್ರೆ ಹೋಗ್ಲಿ. ನಂಗೆ ಒಂದೇ ಒಂದು ಹೇಳಿ. ಆ ಮಾತ್ರೆ ಒಳ್ಳೇದಾ ಕೆಟ್ಟದ್ದಾ? ಅಣ್ಣ ಕಾಯಿಲೆಯಿಂದ ಹೋದ್ನಾ, ನನ್ ಕೈಯಿಂದ ಹೋದ್ನಾ?"

ಸುಳ್ಳು ಹೇಳಿಬಿಡೋಣ ಅನ್ನಿಸಿತು. ಕಾಯಿಲೆಯಿಂದಲೇ ಎಂದರೆ ಅವಳು ನಂಬುತ್ತಿದ್ದಳು.

"ಗೊತ್ತಿಲ್ಲ," ಎಂದೆ.

"ನಿಮಗೂ ಗೊತ್ತಿಲ್ವಾ?"

"ಒಬ್ಬ ಮನುಷ್ಯನ ವಿಷಯ ಯಾವತ್ತೂ ಖಂಡಿತ ಹೇಳಕ್ಕಾಗಲ್ಲ. ಮಾತ್ರೆ ವಿಷಯ ಹೇಳ್ಬಹುದಿತ್ತು. ಆದ್ರೆ ಸಾಯೋ ಹಾಗಿದ್ದೋರನ್ನೇ ನೀನು ಒಂದು ಕಡೆ ಹಾಕ್ದೆ. ಮಾತ್ರೆ ಕೊಂದಿದ್ದೋ, ಅವರು ಹೇಗೂ ಹೋಗ್ತಿದ್ದೋರೋ, ಇನ್ನು ಬೇರೆ ಮಾಡಿ ಹೇಳಕ್ಕಾಗಲ್ಲ. ಅದನ್ನ ತಿಳ್ಕೊಳ್ಳೋಕೆ ಅಂತಾನೇ ಸಾಲು ಇದ್ದದ್ದು, ಟೂರಿಲ್."

ಅವಳು ಎದ್ದು ಮೂಲೆಯ ನಲ್ಲಿಯಲ್ಲಿ ಕಾಫಿ ಬಟ್ಟಲುಗಳನ್ನು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ, ಅವಳು ತೆಗೆಸಲಿಲ್ಲ.

ಮಧ್ಯಾಹ್ನದ ಪಾಠಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂತಳು. ನಾನು ಲಕೋಟೆಯ ನಿಯಮ ಹೇಳಿದೆ, ಈ ಸಲ ಕಾರಣವನ್ನೂ ಹೇಳಿದೆ. ಒಬ್ಬ ಎಳೆಯ ಡಾಕ್ಟರು ಕೈಯೆತ್ತಿ ಕೇಳಿದ, "ರೋಗಿ ನಮ್ಮ ಮನೆಯವರೇ ಆಗಿದ್ರೆ?"

ನಾನು ಬಾಯಿ ತೆರೆಯುವುದರೊಳಗೆ ಟೂರಿಲ್ ಎದ್ದು ಅವನ ಕಡೆ ತಿರುಗಿದಳು.

"ಆಗ್ಲೂ ಮುಂದಿನದನ್ನೇ ತೆಗೀಪ್ಪ," ಎಂದಳು. "ನಾನು ನಮ್ಮಣ್ಣನಿಗೆ ಆರಿಸಿ ಕೊಟ್ಟೆ. ಈಗ ಅವನು ಯಾಕೆ ಸತ್ತ ಅಂತ ನಮ್ಮತ್ತಿಗೆ ದಿನಾ ಕೇಳ್ತಾಳೆ."