ಅಪಾಯವಿಲ್ಲದ ಕ್ರಿಸ್‌ಮಸ್ ಗಿಡ

ಭಾಲ್ಕಿಯಲ್ಲಿ ರೋಸಮ್ಮನವರ ಅಂಗಳದಲ್ಲೊಂದು ಸರ್ವೆ ಮರವಿದೆ. ಮಿಷನ್ ಕಾಂಪೌಂಡಿನಿಂದ ಸಸಿಯಾಗಿ ಬಂದದ್ದು ಈಗ ಮಾಳಿಗೆಯ ಮಟ್ಟ ದಾಟಿದೆ. ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದು ತುದಿ ಬೇಕೆನ್ನುವಾಗ ಬಿಟ್ಟರೆ ವರ್ಷವಿಡೀ ಅದನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಡಿಸೆಂಬರ್ ಬಂತೆಂದರೆ ಮಾತ್ರ ಅದು ಕ್ರಿಸ್‌ಮಸ್ ಗಿಡ.

ಅದಕ್ಕೆ ಲೈಟು ಹಾಕುತ್ತಿದ್ದವರು ರೋಸಮ್ಮನವರ ಗಂಡ ಇಮ್ಮಾನುಯೇಲ ಮಾಸ್ತರರು. ಹಲಬರ್ಗಾದ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಆ ಪುಣ್ಯಾತ್ಮರು ವೈರನ್ನು ಹಲ್ಲಿನಿಂದ ಸುಲಿಯುತ್ತಿದ್ದರು. ಕಬ್ಬಿಣದ ಏಣಿಯನ್ನು ಹಸಿ ನೆಲದ ಮೇಲೆ ನಿಲ್ಲಿಸಿ ಬರಿಗಾಲಲ್ಲಿ ಏರುತ್ತಿದ್ದರು. ಪ್ಲಗ್ ಸಿಗದಿದ್ದರೆ ಬರೀ ವೈರನ್ನೇ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿ ಬಿಗಿ ಮಾಡುತ್ತಿದ್ದರು. ಇಷ್ಟು ಮಾಡಿಯೂ ಅವರ ಕೈ ಒಂದು ದಿನವೂ ಜುಮ್ಮೆನ್ನಲಿಲ್ಲ. ಕಳೆದ ಏಪ್ರಿಲ್‌ನಲ್ಲಿ ಒಣ ನೆಲದ ಮೇಲೆ, ಮರದ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾಗ ಎದೆಬಡಿತ ನಿಂತು ತೀರಿಕೊಂಡರು.

ಅಲ್ಲಿನ ಚರ್ಚಿನವರಲ್ಲಿ ಒಂದು ಪದ್ಧತಿಯಿದೆ. ಕ್ರಿಸ್‌ಮಸ್ಸಿಗೆ ಮುಂಚೆ ಕ್ಯಾರಲ್ ತಂಡ ಓಣಿ ಓಣಿ ತಿರುಗುತ್ತದೆ. ಲೈಟು ಕಂಡ ಮನೆಯ ಮುಂದೆ ನಿಂತು ಡೋಲಕ್ ಬಾರಿಸಿ ಹಾಡುತ್ತದೆ. ಆ ವರ್ಷ ಸಾವಾದ ಮನೆಯವರು ಲೈಟು ಹಚ್ಚುವುದಿಲ್ಲ. ತಂಡದವರು ಅಲ್ಲಿ ಮೆಲ್ಲಗೆ ಒಂದು ಪ್ರಾರ್ಥನೆ ಮಾಡಿ, ಡೋಲಕ್ಕನ್ನು ಕಂಕುಳಲ್ಲಿ ಅವುಚಿಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ, ಹಾಗಾಗಿ ತಿದ್ದಲೂ ಬರುವುದಿಲ್ಲ.

ರೋಸಮ್ಮ ನರ್ಸಾಗಿ ಇಡೀ ತಾಲೂಕು ತಿರುಗಿದವರು. ಒಂದು ವರ್ಷ ಕತ್ತಲಾದ ಮನೆ ಮರುವರ್ಷವೂ ಕತ್ತಲಾಗಿಯೇ ಉಳಿದದ್ದನ್ನು ಬೇಕಾದಷ್ಟು ಕಂಡಿದ್ದರು. ಸಾಕು, ಇನ್ನು ಹಚ್ಚಿರಿ ಎಂದು ವಿಧವೆಗೆ ಯಾರು ಬಂದು ಹೇಳುತ್ತಾರೆ? ಈ ವರ್ಷ ಹಚ್ಚದಿದ್ದರೆ ತಾನು ಮುಂದೆಂದೂ ಹಚ್ಚಲಾರೆ ಎಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಡೋಲಕ್ ಇಲ್ಲದೆ ಜನ ಮೆಲ್ಲಗೆ ದಾಟಿಹೋಗುವ ಮನೆಯಲ್ಲಿ ಉಳಿದ ಆಯುಷ್ಯ ಕಳೆಯುವುದು ಅವರಿಗೆ ಬೇಡವಾಗಿತ್ತು. ಆದ್ದರಿಂದ ಮೈದುನನಿಗೆ ಫೋನು ಮಾಡಿದರು.

ಮೈದುನ ನತಾನಿಯೇಲ ಇರುವುದು ಬೀದರದಲ್ಲಿ. ಅಲ್ಲೇ ಹತ್ತಿರದ ಕೊಳಾರದ ಒಂದು ಪೈಪು ಕಾರ್ಖಾನೆಯಲ್ಲಿ ಸುರಕ್ಷತೆಯ ಉಸ್ತುವಾರಿ ನೋಡಿ ನಿವೃತ್ತನಾದವನು. ಮನೆಯಲ್ಲಿ ಹೆಂಡತಿ ಒಗ್ಗರಣೆ ಹಾಕುವಾಗಲೂ ಎರಡು ಹೆಜ್ಜೆ ಹಿಂದೆ ಸರಿಯುವ ಆಸಾಮಿ. ಬಂದ, ಮರದ ಸುತ್ತ ಪ್ರದಕ್ಷಿಣೆ ಹಾಕಿದ, ಅಣ್ಣನ ಲೈಟಿನ ಸರಗಳನ್ನು ಬೆಳಕಿಗೆ ಹಿಡಿದು ನೋಡಿದ.

"ಇವು ಮನಿ ಒಳಗ ಹಾಕೋವ್ರಿ ವೈನಿ," ಎಂದ. "ರಾತ್ರಿ ಇಬ್ಬನಿ ಬೀಳ್ತದ. ನೀರು ಒಳಗ ಹೋದ್ರ ಖತ್ರಾ. ಈ ವರ್ಷ ಬ್ಯಾಡ ಬಿಡ್ರಿ."

"ಹೊರಗ ಹಾಕೋವು ಬ್ಯಾರೆ ಬರ್ತಾವೇನು?"

"ಬರ್ತಾವ್ರಿ," ಎಂದ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಮರುದಿನವೇ ರೋಸಮ್ಮ ಬಸ್ಸು ಹತ್ತಿ ಬೀದರಕ್ಕೆ ಹೋದರು. ಹಳೆಯ ಪರಿಚಯದ ಅಬ್ದುಲ ವಾಹೀದನ ಲೈಟಿನ ಅಂಗಡಿಯಲ್ಲಿ ಮಳೆಗೂ ಜಗ್ಗದ ಲೈಟಿನ ಸರ ಕೇಳಿದರು. ಅವನು ತೆಗೆದುಕೊಟ್ಟು ಒಂದು ಮಾತು ಹೇಳಿದ.

"ನಿಮ್ಮ ಮೈದುನ ನಿನ್ನಿ ಸಂಜಿಗಿ ಬಂದಿದ್ರು ಸಿಸ್ಟರ್. ಇದ್ರಾಗ ಏನೇನ್ ಕೆಡ್ತದ ಅಂತ ಎಲ್ಲಾ ಕೇಳಿದ್ರು. ಒಂದೂ ತಗೊಳ್ಳಿಲ್ಲ."

ರೋಸಮ್ಮನವರಿಗೆ ಅಲ್ಲೇ ಅನುಮಾನ ಹುಟ್ಟಿತು. ಇವನಿಗೆ ಕರೆಂಟಿನ ಭಯವಲ್ಲ, ಮಂದಿಯ ಭಯ. ಸತ್ತು ವರ್ಷ ತುಂಬಿಲ್ಲ, ಆಗಲೇ ದೀಪಾಲಂಕಾರವೇ ಎಂದು ಚರ್ಚಿನವರು ಆಡಿಕೊಂಡಾರು ಎಂದು ಅಂಜಿದ್ದಾನೆ. ಅತ್ತಿಗೆಯ ಮುಖಕ್ಕೆ ಹೇಳುವ ಧೈರ್ಯವಿಲ್ಲ. ಕುಣಿಯಲಾರದವನು ನೆಲ ಡೊಂಕು ಅಂದನಂತೆ. ನೆಲ ಎಷ್ಟು ಡೊಂಕಿದೆಯೋ ಅಷ್ಟನ್ನೂ ನೇರ ಮಾಡಿಬಿಡುವುದೆಂದು ರೋಸಮ್ಮ ಹಲ್ಲು ಕಚ್ಚಿ ನಿರ್ಧರಿಸಿದರು.

ಆಮೇಲೆ ನಡೆದದ್ದು ಸಣ್ಣ ಯುದ್ಧ. ಕಬ್ಬಿಣದ ಏಣಿ ಕೂಡದು ಎಂದ ನತಾನಿಯೇಲ. ಪಕ್ಕದ ಮನೆಯ ಅನುಸೂಯಾಬಾಯಿ, ಭೀಮ ಜಯಂತಿಗೆ ಬುದ್ಧ ವಿಹಾರದ ಮೇಲೆ ಲೈಟು ಕಟ್ಟಲು ಇಟ್ಟಿದ್ದ ಮರದ ಏಣಿ ಕೊಟ್ಟಳು. ವೈರಿನ ಜೋಡಣೆ ನೆಲಕ್ಕೆ ತಾಗಬಾರದು ಎಂದ. ರೋಸಮ್ಮ ಇಟ್ಟಿಗೆ ಇಟ್ಟು, ಅದರ ಮೇಲೆ ಜೋಡಣೆ ಇಟ್ಟು, ಮೇಲೆ ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿ ಬೋರಲು ಹಾಕಿದರು. ಮೊಳೆ ಹೊಡೆದರೆ ವೈರು ಸೀಳುತ್ತದೆ ಎಂದ. ಹಳೆಯ ಸೀರೆಯನ್ನು ಪಟ್ಟಿ ಪಟ್ಟಿಯಾಗಿ ಹರಿದು ಅದರಿಂದ ಕಟ್ಟಿದರು. ತುಸು ಸೋರಿದರೂ ತಾನೇ ಕರೆಂಟು ಬಂದ್ ಮಾಡುವ ಟ್ರಿಪ್ ಸ್ವಿಚ್ ಇಲ್ಲದೆ ತಾನು ಮುಂದುವರಿಯುವುದಿಲ್ಲ ಎಂದ. ವಾಹೀದನ ಅಂಗಡಿಯಿಂದ ಅದೂ ಬಂತು, ಅದನ್ನು ಕೂಡಿಸಬೇಕಾದವನು ನತಾನಿಯೇಲನೇ ಆದ. ಕಂಬದಿಂದ ಮನೆಗೆ ಬರುವ ವೈರು ಮರದ ತುದಿಗೆ ಹತ್ತಿರವಿದೆ ಎಂದ. ಇದು ನಿಜವಾಗಿಯೂ ಹತ್ತಿರವಿತ್ತು, ರೋಸಮ್ಮ ಒಪ್ಪಿದರು. ಹೀಗಾಗಿ ಸ್ಟಾರು ತುದಿಗೇರದೆ ಮರದ ಹೊಟ್ಟೆಯ ಮೇಲೆ ಕೂತಿತು.

ಗಾಜಿನ ಗುಂಡುಗಳು ಒಡೆದು ಕಾಲಿಗೆ ಚುಚ್ಚುತ್ತವೆ ಎಂದಾಗ ಪ್ಲಾಸ್ಟಿಕ್ಕಿನವು ಬಂದವು, ಜೊತೆಗೆ ಮಿನುಗುವ ಜರಿ ಮಾಲೆಗಳೂ ಬಂದವು. ಆಗ ನತಾನಿಯೇಲ ಅನುಸೂಯಾಬಾಯಿಯ ಆಡಿನ ಕಡೆ ನೋಡಿದ.

"ಅದು ಜರಿ ತಿಂತದ್ರಿ. ವೈರೂ ಕಡೀತದ."

"ಆಡಿನ ಬಾಯಿಗಿ ಸಿಗದಂಗ ಮ್ಯಾಲ ಕಟ್ಟೂಣು."

"ಮ್ಯಾಲ ಅಂದ್ರ ಎಷ್ಟ ಮ್ಯಾಲ್ರಿ? ಅದು ಹಿಂದಿನ ಕಾಲ ಮ್ಯಾಲ ನಿಂದರ್ತದ."

ಮಾತು ನ್ಯಾಯವಾದದ್ದೇ. ಆಡನ್ನು ಹಿಡಿದು ತಂದರು. ಅನುಸೂಯಾಬಾಯಿ ಮೇಲಿನಿಂದ ಬೇವಿನ ಸೊಪ್ಪು ಆಡಿಸಿದಳು, ಆಡು ಎರಡು ಕಾಲ ಮೇಲೆ ನಿಂತು ಕತ್ತು ಚಾಚಿತು, ನತಾನಿಯೇಲ ಟೇಪು ಹಿಡಿದು ಅಳತೆ ತೆಗೆದ. ಮತ್ತೊಮ್ಮೆ ನಿಲ್ಲಿಸಲು ಹೇಳಿದ, ಮೊದಲನೇ ಸಲ ಅದು ಪೂರ್ತಿ ಚಾಚಿರಲಿಲ್ಲವಂತೆ. ಆಡಿಗೆ ಇದರಿಂದ ಬೇಸರವಾದಂತೆ ಕಾಣಲಿಲ್ಲ. ಅಳತೆಯ ಮೇಲೆ ಒಂದು ಗೇಣು ಬಿಟ್ಟು ಮರಕ್ಕೆ ಸುಣ್ಣದಲ್ಲಿ ಗೆರೆ ಎಳೆದರು. ಅಲಂಕಾರವೆಲ್ಲ ಆ ಗೆರೆಯಿಂದ ಮೇಲಕ್ಕೆ.

ಔರಾದದಲ್ಲಿ ಟೀಚರಾಗಿರುವ ಮಗಳು ಪ್ರಿಸಿಲ್ಲಾ ಫೋನು ಮಾಡಿದಾಗ, "ಕಾಕಾ ಆಡಿನ ಅಳತಿ ತಗೋಳಿಕತ್ತಾನ," ಎಂದರು ರೋಸಮ್ಮ. ಪ್ರಿಸಿಲ್ಲಾ ಅಮ್ಮನಿಗೆ ಊಟ ಆಯಿತೇ ಎಂದು ಕೇಳಿದಳು.

ಕ್ಯಾರಲ್ ತಂಡ ಆ ಓಣಿಗೆ ಬರುವ ಸಂಜೆಯೂ ಬಂತು. ಬೀದರ ಜಿಲ್ಲೆಯಲ್ಲಿ ಅಷ್ಟು ಸುರಕ್ಷಿತವಾದ ಮರ ಇನ್ನೊಂದಿರಲಿಕ್ಕಿಲ್ಲ. ಹೊತ್ತು ಮುಳುಗಿತು. ನತಾನಿಯೇಲ ರಬ್ಬರಿನ ಚಪ್ಪಲಿ ಹಾಕಿಕೊಂಡು, ಕೈ ಒರೆಸಿಕೊಂಡು ಸ್ವಿಚ್ಚಿನ ಮುಂದೆ ನಿಂತ. ನಿಂತೇ ಇದ್ದ. ಮೇಲಿನ ಓಣಿಯಿಂದ ಡೋಲಕ್ಕಿನ ಸದ್ದು ಕೇಳಿಸತೊಡಗಿತು.

"ಹಚ್ಚು," ಎಂದರು ರೋಸಮ್ಮ.

"ಗಿಡದಾಗ ಕಾಗಿ ಮಲಗ್ಯಾವ್ರಿ ವೈನಿ. ಬೆಳಕಿಗಿ ನಿದ್ದಿ ಕೆಡ್ತದ."

ಇಷ್ಟು ದಿನ ತಡೆದಿಟ್ಟ ಸಿಟ್ಟು ಆಗ ಕಟ್ಟೆಯೊಡೆಯಿತು. "ಸಾಕು ಮಾಡು," ಎಂದರು ರೋಸಮ್ಮ. "ಮಂದಿ ಏನಂತಾರ ಅಂತ ನಿನಗ ಅಂಜಿಕಿ. ಅಷ್ಟ ಹೇಳು. ಕಾಗಿ ಮ್ಯಾಲ, ಆಡಿನ ಮ್ಯಾಲ ಯಾಕ ಹಾಕ್ತಿ? ಮಂದಿ ನನ್ನ ಜೋಡಿ ಬಂದು ಇರ್ತಾರೇನು?"

"ಮಂದಿದು ನನಗೇನದ್ರಿ," ಎಂದ ನತಾನಿಯೇಲ.

ಅವನು ಸ್ವಿಚ್ಚನ್ನೇ ನೋಡುತ್ತ, ಕಾರ್ಖಾನೆಯ ವರದಿ ಒಪ್ಪಿಸುವವನ ದನಿಯಲ್ಲಿ ಹೇಳಿದ.

"ನಾ ಬೀದರದಾಗ ಇರ್ತೇನಿ. ಅಣ್ಣ ಇಲ್ಲಿ ಭಾಲ್ಕಿದಾಗ ಇದ್ದಾನ, ಈ ಕಡಿ ಬರ್ಲಾಕ ನನಗ ಪುರಸತ್ತಾಗಿಲ್ಲ ಅಂತ ಅನ್ಕೊಂಡು ದಿನ ತೆಗೀಲಿಕತ್ತೇನಿ. ಅದು ನಡೀತದ್ರಿ. ಏಪ್ರಿಲ್‌ಲಿಂದ ನಡದದ. ಈ ಲೈಟು ನಾ ಹಚ್ಚಿದ್ರ, ಅವ ಹಚ್ಚಿಲ್ಲ ಅಂತ ಆಗ್ತದ. ಆಮ್ಯಾಲ ನಡ್ಯಂಗಿಲ್ರಿ."

ರೋಸಮ್ಮನವರ ಸಿಟ್ಟು ಎಲ್ಲಿ ಹೋಯಿತೋ ಹೋಯಿತು. ಇಷ್ಟು ದಿನ ತಾನು ಗುದ್ದಿದ್ದು ಇವನನ್ನಲ್ಲ, ಗಾಳಿಯನ್ನು ಎನಿಸಿತು. ಅಂತ್ಯಸಂಸ್ಕಾರದ ದಿನ ಬಂದವರಿಗೆಲ್ಲ ಕುರ್ಚಿ ಹಾಕಿ, ನೀರು ಕೊಟ್ಟು, ಒಂದು ಹನಿ ಕಣ್ಣೀರು ಹಾಕದೆ ಓಡಾಡಿದ್ದ ಗಟ್ಟಿ ಮನುಷ್ಯ ಈಗ ಒಂದು ಸ್ವಿಚ್ಚು ಒತ್ತಲಾರದೆ ನಿಂತಿದ್ದ. ಅವರಿಗೆ ಅವನ ಮೇಲೆ ತಾಯಿಗೆ ಬರುವಂಥ ಕನಿಕರ ಬಂತು.

"ನಿನಗ ಬೀದರದಾಗ ಹಂಗ ನಡೀತದ ನತಾನಿ," ಎಂದರು. "ನನಗ ಇಲ್ಲಿ ನಡ್ಯಂಗಿಲ್ಲ. ನಾ ದಿನಾ ಮುಂಜಾನಿ ಒಂದ ಕಪ್ ಚಹಾ ಮಾಡ್ತೇನಿ, ಎರಡಲ್ಲ. ಈ ಮನ್ಯಾಗ ಕತ್ತಲಿ ಸಾಕಷ್ಟದ. ಇಬ್ಬರೂ ಕೂಡಿ ಹಚ್ಚೂಣು ಬಾ."

ಅವನ ಕೈಯ ಮೇಲೆ ತಮ್ಮ ಕೈ ಇಟ್ಟು ಒತ್ತಿದರು.

ಮರಕ್ಕೆ ಮರವೇ ಬೆಳಗಿತು. ಟ್ರಿಪ್ ಸ್ವಿಚ್ಚು ಸುಮ್ಮನಿತ್ತು. ಯಾವ ವೈರೂ ಸುಡಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ನತಾನಿಯೇಲ ಬಹಳ ಹೊತ್ತು ಮೇಲೆ ಕೆಳಗೆ ನೋಡಿದ, ಒಂದು ದೋಷವೂ ಸಿಗಲಿಲ್ಲ. ಆಗ ಮೆಟ್ಟಿಲ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ರೋಸಮ್ಮ ನೀರು ತಂದುಕೊಟ್ಟು, ಪಕ್ಕದಲ್ಲಿ ಕೂತರು.

ಕ್ಯಾರಲ್ ತಂಡ ಗೇಟಿನ ಮುಂದೆ ಬಂದು ನಿಂತಿತು. ಇತ್ತ ಮರ ಝಗಝಗ ಎನ್ನುತ್ತಿದೆ, ಅತ್ತ ಒಬ್ಬ ದೊಡ್ಡ ಮನುಷ್ಯ ಮೆಟ್ಟಿಲ ಮೇಲೆ ಅಳುತ್ತಿದ್ದಾನೆ. ಇಂಥ ಮನೆಯ ಮುಂದೆ ಏನು ಮಾಡಬೇಕೆಂದು ತಂಡದಲ್ಲಿ ಯಾರಿಗೂ ತಿಳಿಯಲಿಲ್ಲ. ಡೋಲಕ್ಕಿನ ಹುಡುಗಿ ಸ್ವೀಟಿ ಎರಡೂ ಕೈ ಚರ್ಮದ ಮೇಲಿಟ್ಟು ಸದ್ದಾಗದಂತೆ ಹಿಡಿದುಕೊಂಡಳು. ಮುಂದಾಳು ಹಿರಿಯರು ಗೇಟಿನಾಚೆಯಿಂದಲೇ ಮೆಲ್ಲಗೆ ಕೇಳಿದರು.

"ಇದು ದುಃಖದ ಮನಿ ಅಲ್ಲೇನ್ರಿ?"

ರೋಸಮ್ಮ ಏಳಲು ಹೋದರು. ಅಷ್ಟರಲ್ಲಿ ನತಾನಿಯೇಲ ಎದ್ದು, ಮೂಗು ಒರೆಸಿಕೊಂಡು, ಹೋಗಿ ಗೇಟು ಪೂರಾ ತೆರೆದ.

"ಹೌದ್ರಿ, ದುಃಖದ ಮನೀನ ಅದ," ಎಂದ. "ಅದಕ್ಕ ಜರಾ ಜೋರ್ ಬಾರಸ್ರಿ."